ಎಮ್ಮಿಗಾಗಿ ಅತ್ತ ಪಾದ್ರಿ

ಮೊನ್ನೆ ಸೋಮವಾರ ನನ್ನ ಮೊಮ್ಮಗಳು ಸುಮಾ ಕೆಲಸಕ್ಕೆ ಸೇರಿದಳು. ಎಲ್ಲಿ ಅಂತೀರಿ? ಬೆಟಗೇರಿಯ ಹಳೆಯ ಚರ್ಚಿನ ದಫ್ತರದ ಕೋಣೆಯಲ್ಲಿ, ನಾನು ಮೂವತ್ತೆರಡು ವರ್ಷ ಕುಳಿತು ಸವೆಸಿದ ಅದೇ ಬೆಂಚಿನ ಮೇಲೆ. ಆ ದಿನ ಓಣಿಗೆಲ್ಲ ಪೇಢೆ ಹಂಚಿದೆ. ಹಾಲಿನವನಿಗೆ ಹಂಚಿದೆ, ಕರೆಂಟಿನ ಮೀಟರ್ ನೋಡಲು ಬಂದವನಿಗೆ ಹಂಚಿದೆ, ವಿಳಾಸ ತಪ್ಪಿ ನಮ್ಮ ಮನೆಗೆ ಬಂದ ಕೊರಿಯರ್ ಹುಡುಗನಿಗೂ ಹಂಚಿದೆ. ನನ್ನ ಹೆಂಡತಿ ಶಾಂತವ್ವ ಬಾಗಿಲಲ್ಲಿ ನಿಂತು, "ಸಾಕು ಮಾಡ್ರಿ. ಹುಡುಗಿ ಲಗ್ನ ಗೊತ್ತಾತೇನು ಅಂತ ಮಂದಿ ಕೇಳಾಕತ್ತಾರ" ಎಂದಳು. ಲಗ್ನ ಗೊತ್ತಾಗಿದ್ದರೂ ನಾನು ಇಷ್ಟು ಕುಣಿಯುತ್ತಿದ್ದೆನೋ ಇಲ್ಲವೋ.

ಸುಮಾಳ ಕೆಲಸ ಏನೆಂದರೆ, ಅಲ್ಲಿರುವ ಹಳೆಯ ಪುಸ್ತಕಗಳ ಒಂದೊಂದೇ ಹಾಳೆಯ ಫೋಟೋ ತೆಗೆಯುವುದು, ಯಾವ ಹಾಳೆಯಲ್ಲಿ ಏನಿದೆ ಎಂದು ಕಂಪ್ಯೂಟರಿಗೆ ತುಂಬುವುದು. ಆಕೆಯ ಜೊತೆ ಇನ್ನಿಬ್ಬರು ಹೊಸಬರು ಸೇರಿದ್ದಾರೆ. "ಅಜ್ಜಾ, ಆ ಕೋಣ್ಯಾಗ ಏನೇನು ನಡೀತು ಅನ್ನೂದು ನಿನಗಷ್ಟ ಗೊತ್ತೈತಿ. ಬರದು ಕೊಡು, ನಾವು ಮೂರೂ ಮಂದಿ ಓದತೀವಿ" ಎಂದಳು. ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೂ ಬರೆದಿದ್ದೇನೆ. ಕಾಗುಣಿತ ತಪ್ಪಿದಲ್ಲಿ ಸುಮಾ ತಿದ್ದಿದ್ದಾಳೆ, ಸುಳ್ಳು ಸೇರಿದಲ್ಲಿ ಶಾಂತವ್ವ ಕೇಳಿ ತಿದ್ದಿಸಿದ್ದಾಳೆ.

ನಮ್ಮದು ನೇಕಾರರ ಮನೆ. ಮಗ್ಗ ನಿಂತ ವರ್ಷ ಅಪ್ಪ ನನ್ನನ್ನು ಚರ್ಚಿನ ದಫ್ತರಿ ಹುಸೇನಸಾಬರ ಹತ್ತಿರ ಕರೆದುಕೊಂಡು ಹೋದ. ದಫ್ತರಿ ಎಂದರೆ ಹರಿದ ಪುಸ್ತಕ ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟುವವನು. ಹುಸೇನಸಾಬರು ನನ್ನ ಶಾಲೆಯ ಮಾತು ಕೇಳಲೇ ಇಲ್ಲ. ಹರಿದ ಎರಡು ಎಳೆ ದಾರ ಕೊಟ್ಟು ಕೂಡಿಸು ಎಂದರು. ನೇಕಾರರ ಮಕ್ಕಳಿಗೆ ಎಳೆ ಕೂಡಿಸುವುದು ಎಂದರೆ ಕಣ್ಣು ಮಿಟುಕಿಸಿದಷ್ಟು ಹೊತ್ತು. ಗಂಟು ಎಲ್ಲಿದೆ ಎಂದು ಅವರು ಕನ್ನಡಕ ಏರಿಸಿ ಹುಡುಕಿ, ಸಿಗದೆ, "ಲೇ ರಾಮ್ಯಾ, ನಿನ್ನ ಕೈ ಶಾಲಿ ಕಲತೈತಿ, ತಲಿ ಕಲತಿಲ್ಲ. ನನಗ ಕೈ ಸಾಕು" ಎಂದರು. ಕೆಲಸ ಸಿಕ್ಕಿತು.

ಹೊಸಬರಿಗೆ ಮೊದಲು ನನ್ನ ಮೊದಲ ತಪ್ಪನ್ನು ಹೇಳಬೇಕು. ಅಂಟು ಕುದಿಸುವಾಗ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಬೇಕು, ಆಗ ಹುಳ ಹತ್ತುವುದಿಲ್ಲ. ನಾನು ಮರೆತೆ. ಮಳೆಗಾಲ ಮುಗಿದು ಕಪಾಟು ತೆರೆದರೆ ಜಿರಳೆಗಳು ಮದುವೆಯ ಪುಸ್ತಕದಲ್ಲಿ ಒಂದು ಇಡೀ ವರ್ಷದ ಮದುವೆಗಳನ್ನು ತಿಂದು ತೇಗಿದ್ದವು. ಹುಸೇನಸಾಬರು ಆ ಜಾಲರಿಯಂತಹ ಹಾಳೆಯನ್ನು ಬೆಳಕಿಗೆ ಹಿಡಿದು, "ಪಾಪ, ಸುಖದಿಂದ ಸಂಸಾರ ಮಾಡಿ ಸತ್ತಿದ್ರು. ಇಷ್ಟೂ ಮಂದಿಗೆ ನೀ ಇವತ್ತ ಸೋಡಚೀಟಿ ಕೊಟ್ಟು ಬ್ಯಾರೆ ಮಾಡಿದಿ ನೋಡು" ಎಂದರು. ಅಂದಿನಿಂದ ನನ್ನ ಅಂಟನ್ನು ಯಾವ ಹುಳವೂ ಮುಟ್ಟಿಲ್ಲ.

ಇನ್ನು ಆ ಪುಸ್ತಕಗಳು ಯಾರವು ಎಂಬುದು. ಬಹಳ ಹಿಂದೆ ಜರ್ಮನಿಯಿಂದ ಪಾದ್ರಿಗಳು ಬಂದು ಇಲ್ಲಿ ಚರ್ಚು, ಶಾಲೆ ಕಟ್ಟಿದರು. ಊರ ಹೊರಗೆ ಅವರದೊಂದು ಹೊಲವೂ ಇತ್ತು. ಹೀಗಾಗಿ ಕಪಾಟಿನಲ್ಲಿ ಎರಡು ಜಾತಿಯ ಪುಸ್ತಕ. ಒಂದು, ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಬರೆದ ಚರ್ಚಿನ ಪುಸ್ತಕಗಳು. ಇವು ಪಾದ್ರಿಗಳ ಕೈಬರಹ, ಜರ್ಮನ್ ಭಾಷೆ. ಇನ್ನೊಂದು, ಹೊಲದ ಪುಸ್ತಕಗಳು. ಯಾವ ಮಳೆ ಹಿಡಿಯಿತು, ಯಾವ ಎತ್ತು ಕುಂಟಿತು, ಹತ್ತಿ ಎಷ್ಟು ಅರಳಿತು ಎಂದು ಕನ್ನಡದ ಗುಮಾಸ್ತ ಬರೆದಿಟ್ಟ ದಿನಚರಿ. ಕನ್ನಡವನ್ನು ನಾನು ಓದುತ್ತಿದ್ದೆ. ಜರ್ಮನ್ ಓದಲು ಬರುತ್ತಿರಲಿಲ್ಲ, ಆದರೆ ನೋಡಲು ಬರುತ್ತಿತ್ತು. ಆ ಹಳೆಯ ಅಕ್ಷರಗಳು ಸೀರೆಯ ದಡಿಯಲ್ಲಿನ, ಅಂದರೆ ಅಂಚಿನಲ್ಲಿನ, ಗೋಪುರಗಳಂತೆ ಸಾಲಾಗಿ ಚೂಪು ಚೂಪಾಗಿ ನಿಂತಿರುತ್ತವೆ. ಬಂದವರು ತಮ್ಮ ಮನೆತನದ ಹೆಸರನ್ನು ಚೀಟಿಯಲ್ಲಿ ಹಾಗೆಯೇ ಬರೆದುಕೊಟ್ಟರೆ ಸಾಕು, ಅದೇ ನಕ್ಷೆಯ ದಡಿ ಯಾವ ಪುಸ್ತಕದ ಯಾವ ಹಾಳೆಯಲ್ಲಿದೆ ಎಂದು ನಾನು ತೆಗೆದು ತೋರಿಸುತ್ತಿದ್ದೆ.

ಬರುತ್ತಿದ್ದವರು ಜರ್ಮನಿಯವರು. ಚಳಿಗಾಲಕ್ಕೊಬ್ಬರೋ ಇಬ್ಬರೋ, ನಮ್ಮ ಅಜ್ಜನ ಅಜ್ಜ ಇಲ್ಲಿದ್ದರು ಎಂದು ಹುಡುಕುತ್ತ ಬರುತ್ತಿದ್ದರು. ನಮಗೇನು, ಹೆಳವರಿದ್ದಾರೆ. ಎತ್ತಿನ ಮೇಲೆ ಮನೆ ಬಾಗಿಲಿಗೇ ಬಂದು, ನಮ್ಮ ಹಿಂದಿನ ಏಳು ತಲೆಮಾರಿನ ಹೆಸರು ಒದರಿ, ಕಾಳು ತುಂಬಿಸಿಕೊಂಡು ಹೋಗುತ್ತಾರೆ. ಜರ್ಮನಿಯಲ್ಲಿ ಹೆಳವರಿಲ್ಲ. ಪಾಪ, ತಾವೇ ವಿಮಾನ ಹತ್ತಿ ಬರಬೇಕು. ಅವರಿಗೆ ನಾನೇ ಹೆಳವ, ಎತ್ತು ಒಂದಿರಲಿಲ್ಲ ಅಷ್ಟೇ.

ಹೆಳವನೂ ತಪ್ಪುತ್ತಾನೆ. ಒಮ್ಮೆ ಬಾಗಿಲಿಗೆ ತಲೆ ಬಡಿಯುವಷ್ಟು ಉದ್ದದ ಸಾಹೇಬ ಬಂದು ತನ್ನ ಮುತ್ತಜ್ಜನ ಗೋರಿ ಕೇಳಿದ. ಚೀಟಿಯ ಹೆಸರು ನೋಡಿದೆ, ಅದೇ ದಡಿಯ ಕಲ್ಲೊಂದನ್ನು ನಾನು ದಿನಾ ನೋಡುತ್ತಿದ್ದೆ. ಕರೆದುಕೊಂಡು ಹೋಗಿ ತೋರಿಸಿದೆ. ಆತ ಮೊಣಕಾಲೂರಿ ಅತ್ತ, ಹೂವಿಟ್ಟ, ನನ್ನನ್ನು ಅಪ್ಪಿಕೊಂಡ. ಆತ ಹೋದ ಮೇಲೆ ಅಯ್ಯನವರು, ಅಂದರೆ ನಮ್ಮ ಚರ್ಚಿನ ಪಾಸ್ಟರು, ಬಂದು ಓದಿದರೆ ಅದು ಶಾಲೆಯ ಅಡಿಗಲ್ಲು. ಕಟ್ಟಿಸಿದವರ ಹೆಸರು ಕೆತ್ತಿದ್ದರು. ಹೆದರುತ್ತಲೇ ಪತ್ರ ಹಾಕಿಸಿದೆ. ಆತ ತಿರುಗಿ ಬರೆದ, ಗೋರಿಗಿಂತ ಅದೇ ಮೇಲು, ಮುತ್ತಜ್ಜ ಅಲ್ಲಿ ಜೀವಂತವಿದ್ದ ಎಂದು. ದೊಡ್ಡ ಮನಸ್ಸಿನವ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊಸಬರು ಇದನ್ನೊಂದು ಓದಿದರೂ ಸಾಕು.

ನಾನು ಸೇರಿದ ಹೊಸದರಲ್ಲಿ ಬಹಳ ಶಿಸ್ತಿನ ಅಯ್ಯನವರೊಬ್ಬರಿದ್ದರು. ಮೇಲಿನವರು ನೋಡಲು ಬರುತ್ತಾರೆ, ಕೋಣೆಯಲ್ಲಿ ಒಂದೂ ಬಿಡಿ ಹಾಳೆ ಕಾಣಬಾರದು ಎಂದು ಒಂದು ವಾರದ ಗಡುವು ಕೊಟ್ಟರು. ಗೆದ್ದಲು ಹತ್ತಿ ಬಿಚ್ಚಿಹೋಗಿದ್ದ ಹಾಳೆಗಳ ರಾಶಿಯೇ ಇತ್ತು. ನಾನು ಹಾಳೆ ಎತ್ತುವುದು, ಒಂದು ಸಾಲು ಓದುವುದು, ಬಿತ್ತನೆ ಎಂದಿದ್ದರೆ ಬಿತ್ತನೆಯ ಪುಸ್ತಕಕ್ಕೆ, ಎತ್ತು ಎಂದಿದ್ದರೆ ದನಗಳ ಪುಸ್ತಕಕ್ಕೆ ಹೊಲಿಯುವುದು. ಹೀಗೆ ಗುಮಾಸ್ತನ ಕೈಬರಹದ ನಾಲ್ಕು ಹಾಳೆ ಸಿಕ್ಕವು. ಮೊದಲ ಸಾಲು, "ಎಮ್ಮಿಗೆ ಜ್ವರ. ಶುಂಠಿ ಕಷಾಯ ಕೊಟ್ಟಿದೆ." ನಮ್ಮ ಕಡೆ ಎಮ್ಮೆಗೆ ಎಮ್ಮಿ ಎನ್ನುವುದು ನಿಮಗೆ ಗೊತ್ತೇ ಇದೆ. ದನಗಳ ಪುಸ್ತಕಕ್ಕೆ ಹೊಲಿಯಲು ಸೂಜಿ ಎತ್ತಿದೆ. ಅಷ್ಟರಲ್ಲಿ ಕೆಳಗಿನ ಸಾಲು ಕಂಡಿತು, "ಎಮ್ಮಿಗೆ ಸಾಹೇಬರು ಉಣ್ಣೆಯ ಟೊಪ್ಪಿಗೆ ತರಿಸಿದರು."

ಗುಮಾಸ್ತ ಸಾಹೇಬರು ಎನ್ನುವುದು ಪಾದ್ರಿಗೆ. ಹುಸೇನಸಾಬರಿಗೆ ತೋರಿಸಿದೆ. ಅವರು ಗಡ್ಡ ಸವರಿ, ಅವರ ದೇಶದಲ್ಲಿ ಥಂಡಿ ಬಹಳ, ದನಕ್ಕೂ ಟೊಪ್ಪಿಗೆ ಹಾಕುತ್ತಿರಬೇಕು ಎಂದರು. ಮುಂದೆ ಓದಿದೆವು. "ಇಂದು ಎಮ್ಮಿ ಹಮ್ಮಿಗಿಗೆ ಹೋಯಿತು. ಸಾಹೇಬರು ಬಹಳ ಅತ್ತರು. ಊಟ ಮಾಡಲಿಲ್ಲ." ಹೊಳೆದಂಡೆಯ ಹಳ್ಳಿಗೆ ಹೋದ ಎಮ್ಮೆಗಾಗಿ ಈ ಅಳು ಎಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊನೆಯ ಹಾಳೆಯಲ್ಲಿ, ಬಹಳ ದಿನಗಳ ಮೇಲೆ, "ಎಮ್ಮಿ ತಿರುಗಿ ಬಂದಿದೆ. ಸಾಹೇಬರು ಕರೆದರೆ ಹೋಗುವುದಿಲ್ಲ. ಅಂಬಿಗೇರ ಹನಮವ್ವನ ಸೀರೆ ಬಿಡುವುದಿಲ್ಲ." ಹುಸೇನಸಾಬರು ಕಣ್ಣೊರೆಸಿಕೊಂಡು, "ಹೆಂಗ ಹೋಗತೈತಿ? ಸಾಹೇಬ ಜರ್ಮನ್‌ದಾಗ ಕರದಿರತಾನ, ಅದು ಹಮ್ಮಿಗಿ ಎಮ್ಮಿ ಆಗಿ ಬಂದೈತಿ" ಎಂದರು.

ಹೊಲಿದುಬಿಟ್ಟೆ. ಎಮ್ಮಿಗಾಗಿ ಅತ್ತ ಪಾದ್ರಿಯ ಕಥೆ ನನ್ನ ಆಸ್ತಿಯಾಯಿತು. ಯಾರ ಮದುವೆಯ ಪಂಕ್ತಿಯಲ್ಲಿ ಕುಳಿತರೂ ರಾಮಣ್ಣ, ಆ ಎಮ್ಮಿ ಕಥೆ ಹೇಳು ಎನ್ನುತ್ತಿದ್ದರು. ಗದಗಿನಲ್ಲಿ ಹೇಳಿದೆ, ಲಕ್ಷ್ಮೇಶ್ವರದಲ್ಲಿ ಹೇಳಿದೆ, ಶಿರಹಟ್ಟಿಯಲ್ಲಿ ಬೀಗರ ಮನೆಯಲ್ಲಿ ಹೇಳಿ ಒಬ್ಬರಿಗೆ ಹೋಳಿಗೆ ನೆತ್ತಿಗೇರಿತು. ಹುಸೇನಸಾಬರು ಕಣ್ಣು ಮುಚ್ಚುವ ವಾರವೂ ಹಾಸಿಗೆಯಲ್ಲಿ ಅದನ್ನೇ ನೆನೆಸಿ ನಕ್ಕರು. ನಾನೂ ನಿವೃತ್ತನಾದೆ. ಶಾಲು ಹೊದಿಸಿದರು, ಆ ಸಭೆಯಲ್ಲೂ ಹೇಳಿದೆ.

ಹೋದ ಚಳಿಗಾಲದಲ್ಲಿ ಈಗಿನ ಅಯ್ಯನವರು ಫೋನು ಮಾಡಿ, ಜರ್ಮನಿಯಿಂದ ಒಬ್ಬ ಅಮ್ಮ ಬಂದಿದ್ದಾರೆ, ಕಪಾಟು ನಮ್ಮ ಮಾತು ಕೇಳುತ್ತಿಲ್ಲ, ಬನ್ನಿ ಎಂದರು. ನನಗೆ ಇಂಗ್ಲಿಷ್ ಬಾರದು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಸುಮಾಳನ್ನು ಕರೆದುಕೊಂಡು ಹೋದೆ.

ಬಂದವರ ಹೆಸರು ಇಂಗೆ. ಎಪ್ಪತ್ತು ದಾಟಿದ ವಯಸ್ಸು, ಜೋಳದ ದಂಟಿನಂತೆ ಉದ್ದ. ಎರಡು ಮೇಜು ಜೋಡಿಸಿ ಅದರ ಮೇಲೆ ಒಂದು ಕಾಗದ ಹಾಸಿದರು. ಮನೆತನದ ಮರ. ಚೌಕ ಚೌಕದಲ್ಲಿ ಹೆಸರು, ಎಲ್ಲವೂ ತುಂಬಿದ್ದವು, ಒಂದನ್ನು ಬಿಟ್ಟು. ಆ ಮರವನ್ನು ಅವರ ಅಣ್ಣ ವರ್ಷಗಟ್ಟಲೆ ಕುಳಿತು ಬರೆದದ್ದು. ಆತ ಈಗ ಹಾಸಿಗೆ ಹಿಡಿದಿದ್ದಾನೆ. ಖಾಲಿ ಚೌಕ ತುಂಬಿಸಿಕೊಂಡು ಬಾ ಎಂದು ತಂಗಿಯನ್ನು ಕಳಿಸಿದ್ದಾನೆ.

ಸುಮಾ ಕೇಳಿ ಕೇಳಿ ನನಗೆ ಹೇಳಿದ್ದಿಷ್ಟು. ಇಂಗೆಯವರ ಅಜ್ಜಿ ಎಮಿಲಿಯೆ ಹುಟ್ಟಿದ್ದು ಬೆಟಗೇರಿಯಲ್ಲಿ, ಇಲ್ಲಿನ ಪಾದ್ರಿಯ ಮಗಳಾಗಿ. ಹೆತ್ತ ಹತ್ತನೇ ದಿನ ತಾಯಿ ತೀರಿಕೊಂಡಳು. ಆಮೇಲೆ ಮೂರು ವರ್ಷ ಸುದ್ದಿಯೇ ಇಲ್ಲ. ಮೂರು ತುಂಬಿದ ಮೇಲೆ ಹಡಗಿನಲ್ಲಿ ಜರ್ಮನಿಗೆ ಬಂದ ಕೂಸಿಗೆ ಜರ್ಮನ್ ಭಾಷೆಯ ಒಂದು ಮಾತೂ ಬರುತ್ತಿರಲಿಲ್ಲ. ಆ ಅಜ್ಜಿ ಮುದುಕಿಯಾಗಿ ಸಾಯುವ ತನಕ ಅನ್ನುತ್ತಿದ್ದದ್ದು ಒಂದೇ. ಅಪ್ಪನಿಗೆ ನಾನು ಬೇಡವಾಗಿದ್ದೆ, ಯಾರಿಗೋ ಕೊಟ್ಟುಬಿಟ್ಟಿದ್ದ.

ಆ ಯಾರೋ ಯಾರು? ಹತ್ತು ದಿನದ ತಬ್ಬಲಿ ಕೂಸಿಗೆ ಹಾಲು ಕೊಟ್ಟವರು ಯಾರು? ಅವರಿಲ್ಲದಿದ್ದರೆ ಈ ಮರದ ಕೆಳಗಿನ ಅರ್ಧ ಇರುತ್ತಿರಲಿಲ್ಲ ಎಂದು ಇಂಗೆ ತಮ್ಮ ಎದೆ ಮುಟ್ಟಿ ತೋರಿಸಿದರು.

ಮೂರು ದಿನ ಹುಡುಕಿದೆವು. ಹುಟ್ಟಿನ ಪುಸ್ತಕದಲ್ಲಿ ಎಮಿಲಿಯೆ ಇದ್ದಳು, ಸಾವಿನ ಪುಸ್ತಕದಲ್ಲಿ ತಾಯಿ ಇದ್ದಳು. ಮುಂದೆ ಏನೂ ಇಲ್ಲ. ಎಮಿಲಿಯೆ ಎಂಬ ದಡಿ ನಾನು ಎಷ್ಟು ಕಣ್ಣು ಹರಿಸಿದರೂ ಮತ್ತೆಲ್ಲೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಅವರ ರೈಲು. ಇಂಗೆ ಆ ದೊಡ್ಡ ಕಾಗದವನ್ನು ಸುರುಳಿ ಸುತ್ತತೊಡಗಿದರು. ಈ ಕಪಾಟಿನಲ್ಲಿದ್ದು ನನ್ನ ಕೈಗೆ ಸಿಗದ ಹಾಳೆಯೇ ಇಲ್ಲ ಎಂದು ಮೂವತ್ತೆರಡು ವರ್ಷ ಜಂಬ ಕೊಚ್ಚಿದವನು ನಾನು. ಅವರ ಮುಖ ನೋಡಲಾಗದೆ ಕಪಾಟಿನ ಕಡೆ ನೋಡುತ್ತ ಕುಳಿತೆ.

ಮಧ್ಯಾಹ್ನ ಶಾಂತವ್ವ ಬುತ್ತಿ ತಂದಳು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಇಂಗೆ ತುತ್ತು ಮುರಿದು ಸುಮ್ಮನೆ ಹಿಡಿದುಕೊಂಡಿದ್ದರು. ಬಂದವರು ಬರಿಗೈಯಲ್ಲಿ ಹೋಗುವುದಾದರೂ ಒಮ್ಮೆ ನಕ್ಕು ಹೋಗಲಿ ಎಂದು ನಾನು ನನ್ನ ಆಸ್ತಿ ತೆಗೆದೆ. ದನಗಳ ಪುಸ್ತಕ ಇಳಿಸಿ, ಸುಮಾ, ಇವರ ಊರಿನ ಪಾದ್ರಿ ಎಮ್ಮೆಗಾಗಿ ಅತ್ತದ್ದನ್ನು ಹೇಳು ಎಂದು ಹಾಳೆಯನ್ನೇ ಓದತೊಡಗಿದೆ. ಜ್ವರ ಓದಿದೆ, ಟೊಪ್ಪಿಗೆ ಓದಿದೆ, ಅತ್ತದ್ದು ಓದಿದೆ. ಬಾಯಿಮಾತಿನಲ್ಲಿ ಹೇಳುವಾಗ ನಾನು ಯಾವಾಗಲೂ ನಡುವಿನ ಒಂದು ಸಾಲನ್ನು ಬಿಡುತ್ತಿದ್ದೆ, ಅದರಲ್ಲಿ ನಗು ಇಲ್ಲವೆಂದು. ಈಗ ಪುಸ್ತಕ ಎದುರಿಗಿದ್ದ ಕಾರಣ ಅದೂ ಬಾಯಿಗೆ ಬಂತು. "ಹಮ್ಮಿಗಿಯಿಂದ ಆಳು ಬಂದ. ಎಮ್ಮಿ ಚೆನ್ನಾಗಿದೆ. ಹೊಟ್ಟೆ ತುಂಬ ಹಾಲು ಕುಡಿಯುತ್ತದೆ."

ಹಿಂಡಿ ಬಡಿಸುತ್ತಿದ್ದ ಶಾಂತವ್ವನ ಕೈ ನಿಂತಿತು. ಆಕೆಯ ತವರು ಬೆಳ್ಳಟ್ಟಿ, ಎಮ್ಮೆಗಳ ನಡುವೆಯೇ ಬೆಳೆದವಳು. ಶಾಲೆಯ ಕಟ್ಟೆ ಹತ್ತಿದವಳಲ್ಲ.

"ಏನ್ರಿ, ಇನ್ನೊಮ್ಮೆ ಓದ್ರಿ."

ಓದಿದೆ.

"ಎಮ್ಮಿ ಹಾಲು ಕೊಡತೈತೋ, ಕುಡೀತೈತೋ?"

ಕರು ಇರಬಹುದು ಎಂದೆ. ಕರುವಾದರೆ ಕರ ಅಂತ ಬರೆಯುತ್ತಿದ್ದ, ಎಮ್ಮಿ ಅಂತ ಯಾಕೆ ಬರೆದಾನು ಎಂದಳು. ಹೋಯಿತು, ಬಂದಿದೆ, ಕುಡಿಯುತ್ತದೆ ಎಂದೆಲ್ಲ ದನಕ್ಕೆ ಬರೆದಂತೆ ಬರೆದಿದ್ದಾನಲ್ಲ ಎಂದೆ. ಅದಕ್ಕೆ ಆಕೆ ಹೇಳಿದಳು, "ಮತ್ತ ನೀವು ನಮ್ಮ ಸುಮಾಗ ಏನಂತೀರಿ? ಕೂಸು ಬಂತು, ಕೂಸು ಉಂಡತು ಅನ್ನೂದಿಲ್ಲೇನು?"

ಖರೆ. ನಮ್ಮ ಕಡೆ ಹೆಣ್ಣು ಕೂಸಾದರೂ ಬಂತು, ಹೋತು. ಆಕಳಾದರೂ ಬಂತು, ಹೋತು. ಸುಮಾ ಮೆಲ್ಲಗೆ ಇಂಗೆಯವರ ಕಡೆ ತಿರುಗಿ ಏನೋ ಕೇಳಿದಳು. ನಿಮ್ಮ ಅಜ್ಜಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿದ್ದಳಂತೆ.

ಇಂಗೆ ಹೇಳಿದ ಉತ್ತರಕ್ಕೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

"ಎಮ್ಮಿ" ಎಂದರು.

ಸುಮಾ ಇಡೀ ಹಾಳೆಯನ್ನು ಅವರಿಗೆ ಹೇಳಿದಳು, ಎಮ್ಮಿ ಎಂದರೆ ನಮ್ಮಲ್ಲಿ ಏನು ಎಂಬುದನ್ನೂ ಹೇಳಿದಳು. ಇಂಗೆ ಮೊದಲು ನಕ್ಕರು. ಕೆಮ್ಮು ಬರುವ ತನಕ ನಕ್ಕರು. ಆಮೇಲೆ, ಸಾಹೇಬರು ಬಹಳ ಅತ್ತರು, ಊಟ ಮಾಡಲಿಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟು, ಇದೇನಾ, ಇದೇ ಸಾಲಾ ಎಂದು ಮೂರು ಸಲ ಕೇಳಿದರು. ನಾಲ್ಕನೇ ಸಲ ಕೇಳಲು ಅವರಿಗೆ ಆಗಲಿಲ್ಲ.

ಶಾಂತವ್ವ ಬುತ್ತಿ ಕಟ್ಟುತ್ತ, "ಮೂವತ್ತು ವರ್ಷ ಒಬ್ಬ ತಂದಿ ಅತ್ತಿದ್ದಕ್ಕ ಊರೆಲ್ಲಾ ನಗಿಸೀರಿ. ಇನ್ನ ಆ ಕೂಸು ಎಲ್ಲಿ ಬೆಳೀತು, ಅಲ್ಲೀಗೆ ಕರಕೊಂಡು ಹೋಗ್ರಿ ಅವರನ್ನ" ಎಂದಳು.

ಇಂಗೆ ಆ ರೈಲು ಹತ್ತಲಿಲ್ಲ. ಮರುದಿನ ನಾವು ನಾಲ್ವರೂ ಕಾರಿನಲ್ಲಿ ಮುಂಡರಗಿ ದಾಟಿ, ಹೊಳೆದಂಡೆಯ ಹಮ್ಮಿಗಿಗೆ ಹೋದೆವು. ಅಂಬಿಗೇರ ಹನಮವ್ವನ ಮನೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಸತ್ತು ನೂರು ವರ್ಷವಾಗಿರಬೇಕು, ಹೇಗೆ ಗೊತ್ತಿರುತ್ತದೆ? ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, ಅಂಬಿಗೇರರ ಹಳೆ ಮನೆ ಅಂದರೆ ನೀಲವ್ವನದು, ಆಕೆಗೆ ಗೊತ್ತಿದ್ದರೆ ಉಂಟು ಎಂದು ದಾರಿ ತೋರಿಸಿದರು.

ನೀಲವ್ವ ಎಂಬತ್ತರ ಮುದುಕಿ. ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಚಹಾ ಇಟ್ಟಳು. ಹನಮವ್ವ ಎಂಬ ಹೆಸರು ಹೇಳಿದಾಗ ಬೆರಳು ಮಡಚಿ ಎಣಿಸಿ, "ನಮ್ಮತ್ತಿ ಅತ್ತಿಯ ಅತ್ತಿ ಆಗಬೇಕ್ರಿ. ಹೆಸರಷ್ಟ ಕೇಳೀನಿ" ಎಂದಳು. ಪಾದ್ರಿ, ಬಿಳಿ ಕೂಸು, ಬೆಟಗೇರಿ ಏನು ಕೇಳಿದರೂ ತಲೆ ಅಲ್ಲಾಡಿಸಿದಳು. ಇಂಗೆ ಸುಮಾಳ ಮುಖ ನೋಡುವುದು, ಸುಮಾ ನನ್ನ ಮುಖ ನೋಡುವುದು. ಹೆಸರು ಸಿಕ್ಕಿತು, ಆದರೆ ಇದೇ ಹನಮವ್ವ ಎನ್ನಲು ಏನು ಆಧಾರ? ಊರಿಗೆ ಹತ್ತು ಹನಮವ್ವಂದಿರು. ಅಡಿಗಲ್ಲನ್ನು ಗೋರಿ ಎಂದ ಮನುಷ್ಯ ನಾನು, ಇನ್ನೊಮ್ಮೆ ತಪ್ಪಲು ಧೈರ್ಯವಿರಲಿಲ್ಲ.

ಹೊರಡಲು ಎದ್ದೆವು. ಕೊಟ್ಟಿಗೆಯಲ್ಲಿ ಒಳ್ಳೆ ಮೈತುಂಬಿದ ಎಮ್ಮೆಯೊಂದು ನಿಂತಿತ್ತು. ಚಹಾ ಕುಡಿದ ಮನೆಯಲ್ಲಿ ಒಂದು ಒಳ್ಳೆ ಮಾತಾಡಿ ಹೋಗಬೇಕಲ್ಲ, "ಎಮ್ಮಿ ಭಾಳ ಚಂದ ಐತ್ರಿ ಯವ್ವಾ" ಎಂದೆ.

ನೀಲವ್ವ ಗಡಬಡಿಸಿ ಕೈ ಅಡ್ಡ ಹಿಡಿದಳು.

"ಯಪ್ಪಾ, ಈ ಮನ್ಯಾಗ ಅದಕ್ಕ ಹಂಗ ಅನಬ್ಯಾಡ್ರಿ. ಕರಿಯಾಕಿ ಅನ್ರಿ."

ಯಾಕೆಂದು ಕೇಳಿದೆ.

"ಯಾಕೋ ಏನೋ. ಊರಾಗ ನಮಗ ನಗತಾರ. ಹೋದ ವರ್ಷ ಕರಿಯಾಕಿನ್ನ ಕೊಡೂದೈತಿ ಅಂದಿದ್ದಕ್ಕ ಒಬ್ಬರು ಹೆಣ್ಣು ನೋಡಾಕ ಬಂದಿದ್ರು. ಆದ್ರ ನಮ್ಮತ್ತಿ ಹೇಳಿದ್ಳು, ನಮ್ಮತ್ತಿಗೆ ಅವರತ್ತಿ ಹೇಳಿದ್ಳಂತ. ಎಮ್ಮಿ ಅನ್ನೂದು ಈ ಮನೀ ಕೂಸಿನ ಹೆಸರು, ದನಕ್ಕ ಕರೀಬಾರದು ಅಂತ. ಯಾವ ಕೂಸಬೇ ಅಂದ್ರ ಅವರಿಗೂ ಗೊತ್ತಿದ್ದಿಲ್ಲ."

ಸುಮಾಳಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಲು ಬಹಳ ಹೊತ್ತು ಹಿಡಿಯಿತು. ಇಂಗೆ ಅಲ್ಲೇ ಶೇಂಗಾ ಸಿಪ್ಪೆಯ ಮೇಲೆ ಕುಳಿತುಬಿಟ್ಟರು. ಕಾಗದ ಬಿಚ್ಚಿ ಹಾಸಿ, ಖಾಲಿ ಚೌಕ ತೋರಿಸಿ ಸುಮಾಳ ಕೈಗೆ ಪೆನ್ನು ಕೊಟ್ಟರು. ಸುಮಾ ಕನ್ನಡದಲ್ಲಿ ದುಂಡಗೆ ಬರೆದಳು, ಅಂಬಿಗೇರ ಹನಮವ್ವ, ಹಮ್ಮಿಗಿ. ಅಷ್ಟೂ ಚೂಪು ಅಕ್ಷರಗಳ ನಡುವೆ ಅದೊಂದೇ ದುಂಡಗೆ.

ಆಮೇಲೆ ಇಂಗೆ ಚೀಲದಿಂದ ಒಂದು ಫೋಟೋ ತೆಗೆದು ನೀಲವ್ವನ ಕೈಗೆ ಕೊಟ್ಟರು. ಅವರ ಅಜ್ಜಿ ಎಮ್ಮಿಯ ಮುಪ್ಪಿನ ಕಾಲದ್ದು. ಬಾಗಿಲು ತುಂಬುವಂತಹ ದಪ್ಪನೆಯ ಹೆಂಗಸು, ಸುತ್ತ ಮಕ್ಕಳು ಮೊಮ್ಮಕ್ಕಳು. ನೀಲವ್ವ ಅದನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ನೂರು ವರ್ಷದಿಂದ ಆ ಮನೆಯವರು ಕೇಳಲು ಕಾಯುತ್ತಿದ್ದ ಸುದ್ದಿ ಕೇಳಿದವಳಂತೆ ಸಮಾಧಾನದ ಉಸಿರು ಬಿಟ್ಟಳು.

"ಹಾಲು ಮೈಗಿ ಹತ್ತೈತಿ ನೋಡ್ರಿ" ಎಂದಳು.

ಆ ಖಾಲಿ ಚೌಕ ತುಂಬಿದ್ದನ್ನು ಇಂಗೆಯವರ ಅಣ್ಣ ಕಣ್ಣಾರೆ ನೋಡಿದನಂತೆ. ಪತ್ರ ಬಂದಿದೆ. ಸುಮಾಳ ಕೆಲಸಕ್ಕೂ ಆ ಮೂರು ದಿನವೇ ಕಾರಣ. ಕೋಣೆಯ ಪುಸ್ತಕಗಳ ಫೋಟೋ ತೆಗೆಸಬೇಕು ಎಂದು ನಿರ್ಧರಿಸಿದಾಗ ಅಯ್ಯನವರಿಗೆ ಮೊದಲು ನೆನಪಾದದ್ದು ಆಕೆಯೇ. ಹೊಸಬರೇ, ನಿಮ್ಮ ಯಂತ್ರ ನನ್ನ ಕಣ್ಣಿಗಿಂತ ಚುರುಕು, ಅದಕ್ಕೆ ಮೈಲುತುತ್ತವೂ ಬೇಡ. ಆದರೆ ಹಾಳೆ ಅರ್ಥವಾಗದಿದ್ದರೆ ದೊಡ್ಡದಾಗಿ ಓದಿ, ಎಮ್ಮೆ ಕಟ್ಟಿ ಗೊತ್ತಿರುವವರು ಯಾರಾದರೂ ಹತ್ತಿರದಲ್ಲಿರುವಾಗ ಓದಿ.

ನಿನ್ನೆ ಸಂಜೆ ಸುಮಾ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಲೇ ಕೇಳಿದಳು. ಆ ನಾಲ್ಕು ಹಾಳೆಗಳ ಸರದಿ ಬಂದಿದೆ, ನಾನು ಹೊಲಿದಂತೆಯೇ ಇನ್ನೂ ದನಗಳ ಪುಸ್ತಕದಲ್ಲಿವೆ, ಕಂಪ್ಯೂಟರಿನಲ್ಲಿ ಯಾವುದಾದರೂ ಒಂದು ಪಟ್ಟಿಗೆ ಸೇರಿಸಲೇಬೇಕು ಎಂದಳು.

"ಎಮ್ಮಿನ್ನ ಎಲ್ಲಿ ಹಾಕಲಿ ಅಜ್ಜಾ, ದನದಾಗೋ, ಪಾದ್ರಿ ಮಂದ್ಯಾಗೋ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಶಾಂತವ್ವ ಹೇಳಿದಳು.

"ಹಮ್ಮಿಗಿ ಮಂದ್ಯಾಗ ಹಾಕು."